ಗೋಡೆಗೆ ಹೊಚ್ಚಿದ ಕೌದಿ

ಹಳೇ ಹುಬ್ಬಳ್ಳಿ

ಮೊಮ್ಮಗಳು ಕರುಣಾಗೆ ಅಜ್ಜಿಯ ಆಶೀರ್ವಾದ.

ಲಡಾಖಿನ ಚಳಿಯಲ್ಲಿ ಹೇಗಿದ್ದೀ? ನಿನ್ನ ಗಂಡ ಶಶಿಕುಮಾರನ ಮೊಣಕಾಲು ನೋವು ಇಳಿಯಿತೇ? ಕೂಸು ಲೋಹಿತನ ಕೆಮ್ಮು ನಿಂತಿತೇ?

ನಿನ್ನ ಪತ್ರವನ್ನು ನಮ್ಮ ಕೌದಿ ಹೊಲಿಯುವ ಹೆಂಗಸರಿಗೆಲ್ಲ ಓದಿ ಹೇಳಿದೆ. ಹಳೆಯ ಮನೆಯ ಗೋಡೆಗೆ ಒಳಗಿನಿಂದ ಕುರಿಯ ಉಣ್ಣೆ ತುಂಬಿ ಹಲಗೆ ಬಡಿದರೆ ಬೆಚ್ಚಗಿರುತ್ತದೆ, ಉರುವಲೂ ಉಳಿಯುತ್ತದೆ ಎಂದು ನೀನು ಹೇಳಿದರೆ ಆ ಊರಿನ ಯಾರೂ ನಂಬಲಿಲ್ಲವಂತೆ. ಆಂಗ್ಮೊ ಅಜ್ಜಿ ಮಾತ್ರ ಅರೆಮನಸ್ಸಿನಿಂದ ತನ್ನ ಮನೆಯಲ್ಲಿ ಒಂದೇ ಒಂದು ಕೋಣೆಯನ್ನು ಈ ಕೆಲಸಕ್ಕೆ ಕೊಟ್ಟಳಂತೆ. ಕೌದಿ ಹಸಿದಿರಬಾರದೆಂದು ನಾವು ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರಿಟ್ಟು ಹೊಲಿಯುವುದು ನಿನಗೆ ಕೊನೆಯ ಹಲಗೆ ಬಡಿದ ಮೇಲೆ ನೆನಪಾಯಿತೇ? ರೊಟ್ಟಿಯ ಚೂರಿಡಲೆಂದು ಆ ಹಲಗೆಯನ್ನು ಮತ್ತೆ ಕಿತ್ತೆಯಲ್ಲ, ಹುಚ್ಚಿ! ನಿನ್ನ ಜೊತೆ ಕೆಲಸ ಮಾಡುವವರು ನಕ್ಕರೂ ಆಂಗ್ಮೊ ನಗದೆ ತನ್ನ ರೊಟ್ಟಿ ಮುರಿದು ತಂದಳು, ಉಳಿದ ಕೋಣೆಗಳನ್ನೂ ನಿನಗೇ ಒಪ್ಪಿಸಿದಳು ಎಂಬುದನ್ನು ಎರಡು ಸಲ ಓದಿ ಹೇಳಿದೆ.

"ಕಸ್ತೂರೆವ್ವಾ, ನಿನ್ನ ಮೊಮ್ಮಗಳು ಮನೀಗೇ ಕೌದಿ ಹೊಚ್ಚ್ಯಾಳಲ್ಲ!" ಎಂದಳು ಪಕ್ಕದ ಮನೆಯ ಮುರಿಗೆವ್ವ.

"ನನ್ನ ಕೈಯಾಗ ಕಲತಾಕಿ, ಮತ್ತೇನ?" ಎಂದೆ. ಸ್ವಲ್ಪ ಬೀಗಿದೆ ಅನ್ನು.

ಆಂಗ್ಮೊಳ ಬಾಗಿಲಿಗೆ ಗಾಳಿ ತಡೆಯಲು ಒಂದು ಕೌದಿ ಕಳಿಸುತ್ತಿದ್ದೇನೆ. ಕೊನೆಯ ಮೂಲೆ ಹೊಲಿದಿಲ್ಲ. ಆಕೆಯ ರೊಟ್ಟಿ ಇಟ್ಟು ನೀನೇ ಹೊಲಿ. ಆ ಕೋಣೆಯಲ್ಲಿ ಆಕೆಗೆ ಬೆಚ್ಚನೆಯ ನಿದ್ದೆ ಬಂತೇ, ಲಗೂನೆ ಬರೆ.

ನಿನ್ನ ಅಜ್ಜಿ,
ಕಸ್ತೂರೆವ್ವ