ಅವ್ವ ಇಟ್ಟುಕೊಂಡಿದ್ದ ಅಂಜಿಕೆ

ಕುಕನೂರು
ಬುಧವಾರ, 12 ಫೆಬ್ರುವರಿ 2025

ಪ್ರೀತಿಯ ತಂಗಿ ಅನಸೂಯಾಳಿಗೆ,

ಅಕ್ಕ ಫಕೀರಮ್ಮನ ಆಶೀರ್ವಾದ. ನೀನು, ಹನುಮೇಶ, ಅವ್ವನ ಹೆಸರು ಹೊತ್ತ ನಮ್ಮ ಸಣ್ಣ ಹೇಮಾವತಿ, ಮೂವರೂ ಆರಾಮ ಇದ್ದೀರೆಂದು ತಿಳಿದಿದ್ದೇನೆ.

ಕಾಗದ ನೋಡಿ ನಗಬೇಡ. ಭಾಗ್ಯನಗರವೇನು ದೂರದ ಊರಲ್ಲ, ಕೈಯಲ್ಲಿ ಫೋನೂ ಇದೆ, ಇವಳಿಗೇನು ಬಂತು ಅನ್ನುತ್ತೀಯ. ನನ್ನ ದನಿ ನಿನಗೆ ಗೊತ್ತಲ್ಲ, ಈ ವಾರ ಅದು ಪೂರಾ ಕಟ್ಟಿದೆ. ಮೊನ್ನೆ ಅಂಗಡಿಯಲ್ಲಿ ಬೆಲ್ಲ ಕೇಳಿದರೆ ಅಂಗಡಿಯವ ಬಾಗಿಲು ಯಾರು ಎಳೆದರು ಎಂದು ತಿರುಗಿ ನೋಡಿದ. ಅಲ್ಲದೆ ಈ ಮಾತು ಬಾಯಿಂದ ಹೇಳುವಂಥದ್ದಲ್ಲ.

ಮೊದಲು ಮುಖ್ಯವಾದದ್ದು. ಮುಂದಿನ ತಿಂಗಳು ನಿನ್ನ ಹೆರಿಗೆ ರಜೆ ಮುಗಿಯುತ್ತದೆ, ಆಫೀಸಿಗೆ ಹೋಗಬೇಕು, ಕೂಸನ್ನು ನನ್ನ ಹತ್ತಿರ ಬಿಡುತ್ತೇನೆ ಎಂದು ನೀನು ಅಂದೆ. ನಾನು ಹೂಂ ಅಂದೆ. ತೊಟ್ಟಿಲನ್ನು ಅಟ್ಟದಿಂದ ಇಳಿಸಿ ತೊಳೆದೂ ಇಟ್ಟೆ. ಈಗ ಹೇಳುತ್ತಿದ್ದೇನೆ, ಬಿಡಬೇಡ. ಒಂದು ದಿನವೂ ಬೇಡ, ನನ್ನೊಬ್ಬಳ ಕೈಯಲ್ಲಿ ಒಂದು ತಾಸೂ ಬೇಡ. ಸಿಟ್ಟಾಗುವ ಮೊದಲು ಪೂರ್ತಿ ಓದು.

ನನ್ನ ಮತ್ತು ಕೂಸಿನ ಜೀನ್ ಪರೀಕ್ಷೆಯ ವರದಿ ಬಂದ ದಿನ ಡಾಕ್ಟರು ಹೇಳಿದ್ದು ನೆನಪಿದೆಯೇ? ನೀನು ಅಳುತ್ತಿದ್ದೆ, ಅರ್ಧ ಕೇಳಿಸಿಕೊಂಡಿರಲಿಕ್ಕಿಲ್ಲ. ಮೈಯ ಕಣಗಳ ನಡುವೆ ಒಂದು ಪ್ರೋಟೀನು ಇರುತ್ತದಂತೆ, ಗೋಡೆಯ ಕಲ್ಲುಗಳ ನಡುವಿನ ಗಚ್ಚಿನ ಹಾಗೆ. ಅದನ್ನು ಮಾಡುವ ಜೀನು ಕೆಟ್ಟರೆ ಗಚ್ಚು ಸರಿಯಾಗಿ ಕೂಡುವುದಿಲ್ಲ, ಕಟ್ಟಬಾರದ ಕಡೆ ಏನೋ ಕಟ್ಟಿಕೊಳ್ಳುತ್ತದೆ. ಗಂಟಲಲ್ಲಿ ಕಟ್ಟಿದರೆ ದನಿ ಒಡೆಯುತ್ತದೆ. ರೆಪ್ಪೆಯ ಅಂಚಿನಲ್ಲಿ ಕಟ್ಟಿದರೆ ನನಗಿರುವ ಹಾಗೆ ಸಾಲಾಗಿ ಮಣಿ ಏಳುತ್ತವೆ. ಅವ್ವ ತನ್ನ ಸೋದರಮಾವನನ್ನೇ ಮದುವೆಯಾಗಿದ್ದಳು, ನೀನು ಸೋದರಮಾವನ ಮಗನನ್ನು. ಎರಡೂ ಕಡೆಯಿಂದ ಕೆಟ್ಟದ್ದೇ ಬಂದು ಸೇರಿದರೆ ನನ್ನಂಥವಳು ಹುಟ್ಟುತ್ತಾಳೆ, ನಿನ್ನ ಕೂಸಿನಂಥದ್ದು ಹುಟ್ಟುತ್ತದೆ. ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದರು. ಹನುಮೇಶನ ಮೇಲೆ ಹರಿಹಾಯಬೇಡ.

ಆಮೇಲೆ ನನ್ನ ತಲೆಯ ಚಿತ್ರ ತೋರಿಸಿದರು. ಎರಡು ಕಿವಿಗಳ ಒಳಬದಿಗೆ ಎರಡು ಬಿಳಿ ಚುಕ್ಕೆ. ಅಲ್ಲಿ ಸುಣ್ಣ ಕಟ್ಟಿದೆಯಂತೆ. ಮನುಷ್ಯರಿಗೆ ಅಂಜಿಕೆ ಹುಟ್ಟುವ ಜಾಗ ಅದೇ. ಈ ರೋಗ ಇರುವ ಎಲ್ಲರಿಗೂ ಹಾಗೆ ಆಗುವುದಿಲ್ಲ, ಕೂಸಿನ ವಿಷಯ ಈಗಲೇ ಹೇಳಲಾಗದು ಅಂದರು. ಅದಾದ ಮೇಲೆ ನನಗೆ ಮುಖಗಳ ಫೋಟೋ ತೋರಿಸಿ ಇವರಿಗೆ ಏನಾಗಿದೆ ಹೇಳಿ ಅಂದರು. ನಗುವವರನ್ನು ಹೇಳಿದೆ, ಅಳುವವರನ್ನು ಹೇಳಿದೆ. ಒಬ್ಬ ಹೆಂಗಸು ಕಣ್ಣು ಅಗಲಿಸಿ ಬಾಯಿ ತೆರೆದಿದ್ದಳು. ಹಾಡುತ್ತಿದ್ದಾಳೆ ಅಂದೆ. ಅಳುವಿನ ನಡುವೆಯೂ ನಿನಗೆ ನಗು ಬಂತು. ಡಾಕ್ಟರು ನಗಲಿಲ್ಲ.

ಅವ್ವನಿಗೆ ಈ ವರದಿ ಬೇಕಾಗಿರಲಿಲ್ಲ. ಹುಟ್ಟಿದಾಗ ನನ್ನ ಒಡಕು ಅಳು ಕೇಳಿ ಫಕೀರನ ಗದ್ದುಗೆಗೆ ಹರಕೆ ಹೊತ್ತಳು, ಅದಕ್ಕೇ ನನಗೆ ಈ ಹೆಸರು. ಐದು ವರ್ಷದವಳಿದ್ದಾಗ ಬಚ್ಚಲ ಒಲೆಯ ಹಿಂದೆ ನಾಗರಹಾವು ಮಲಗಿತ್ತು. ನಾನು ಪಕ್ಕದಲ್ಲಿ ಕೂತು ಅದರ ಬೆನ್ನನ್ನು ಬೆರಳಿನಿಂದ ಸವರುತ್ತಿದ್ದೆ. ತಣ್ಣಗೆ, ಛಲೋ ಇತ್ತು. ಅವ್ವ ನನ್ನನ್ನು ಎಳೆದುಕೊಂಡು ಬಂದು ತೊಡೆಯ ಮೇಲೆ ಕೂರಿಸಿಕೊಂಡಳು. ಅವಳ ಮೈಯೆಲ್ಲ ನಡುಗುತ್ತಿತ್ತು, ಚಳಿಯೇ ಎಂದು ಕೇಳಿದೆ. ಅವತ್ತು ಹೇಳಿದಳು: “ನಿನ್ನ ಅಂಜಿಕಿ ನನ್ನ ಹಂತೇಕ ಐತಿ ಫಕೀರಿ. ನಾ ನಿಲ್ಲು ಅಂದಾಗ ನಿಲ್ಲಬೇಕು, ಯಾಕಂತ ಕೇಳಬಾರ್ದು.”

ಆ ಮಾತಿನ ಮೇಲೆಯೇ ನಾನು ಇಷ್ಟು ವರ್ಷ ಬದುಕಿದ್ದು. ಒಲೆ, ಹಾವು, ಲಾರಿ, ಗುರುತಿಲ್ಲದ ಗಂಡಸು, ಎಲ್ಲದಕ್ಕೂ ಅವಳು ಅಂಜುತ್ತಿದ್ದಳು, ನಾನು ನಿಲ್ಲುತ್ತಿದ್ದೆ. ಅವಳು ಹೋಗಿ ನಾಲ್ಕು ವರ್ಷವಾಯಿತು. ನನ್ನ ಅಂಜಿಕೆಯನ್ನು ಯಾರ ಹತ್ತಿರ ಬಿಟ್ಟು ಹೋದಳೋ ಹೇಳಲಿಲ್ಲ. ಈಗಲೂ ಸಂಜೆ ಹೊತ್ತು ಬಚ್ಚಲಿಗೆ ಹೋಗುವಾಗ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು ಕಾಯುತ್ತೇನೆ, ಅವಳು ಏನಾದರೂ ಅಂದಾಳೆಂದು. ಯಾರೂ ಏನೂ ಅನ್ನುವುದಿಲ್ಲ. ಒಳಗೆ ಹೋಗುತ್ತೇನೆ.

ಊರಿನವರಿಗಂತೂ ನಾನು ಅನುಕೂಲವಾದೆ. ಬಾವಿಗೆ ಬಿದ್ದದ್ದು ಪಾತಾಳಗರಡಿಯ ಕೊಕ್ಕೆಗೆ ಸಿಗದಿದ್ದರೆ ಫಕೀರವ್ವನನ್ನು ಕರೆಯಿರಿ ಅನ್ನುತ್ತಾರೆ. ಕೊಡ, ಮೋಟಾರು, ಆಡು ತೆಗೆದಿದ್ದೇನೆ, ಎರಡು ಸಲ ಮನುಷ್ಯರನ್ನೂ. ಹೋದ ಸೋಮವಾರ ಮೋಟಾರು ರಿಪೇರಿಯ ಯಮನೂರಸಾಬ ಯಲಬುರ್ಗಾ ಕಡೆಯ ತೋಟದ ಒಂದು ಹಳೆಯ ಬಾವಿಗೆ, ಒಳಗೆ ಉಳಿದ ಮೋಟಾರು ತೆಗೆಯಲು ಕರೆದುಕೊಂಡು ಹೋದ. ಬಹಳ ದಿನ ಮುಚ್ಚಿದ ಬಾವಿ, ಮೊದಲು ದೀಪ ಇಳಿಸಿ ಗಾಳಿ ನೋಡೋಣ ಎಂದು ತೋಟದವರು ಅಂದರು. ಯಮನೂರಸಾಬನೇ ಬೇಡವೆಂದ. “ಫಕೀರವ್ವಗ ಎದರ ಅಂಜಿಕಿ ಐತ್ರಿ, ದೀಪ ಯಾಕ ಬೇಕು” ಅಂದ. ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ ನೋಡು.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದೆ. ಅರ್ಧ ದಾರಿಗೆ ಏನೋ ಆಯಿತು ಅನಸೂ. ಎದೆ ಬಡಿದುಕೊಂಡಿತು, ಉಸಿರು ಎಳೆದಷ್ಟೂ ಸಾಲದಾಯಿತು. ಯಾರೋ ನನ್ನೊಳಗೆ ನುಗ್ಗಿ ನನ್ನನ್ನೇ ಹೊರಗೆ ತಳ್ಳುತ್ತಿದ್ದರು. ಸುತ್ತ ಏನೂ ಇರಲಿಲ್ಲ, ಕಲ್ಲು, ಕತ್ತಲೆ, ಅಷ್ಟೇ. ಆದರೂ ಅಲ್ಲಿ ಏನೋ ಇದೆ, ನನಗಾಗಿಯೇ ಇದೆ ಅನ್ನಿಸಿತು. ಅವ್ವಾ ಎಂದು ಕೂಗಿದೆ. ಬಾವಿಯ ಗೋಡೆ ಅದನ್ನು ತಿರುಗಿಸಿ ಕೊಟ್ಟಿತು. ಬಂದದ್ದು ನನ್ನ ದನಿ ಅನ್ನಿಸಲಿಲ್ಲ. ನಿನ್ನ ಕೂಸು ತನ್ನ ಒಡಕು ದನಿಯಲ್ಲಿ ಕೆಳಗಿನಿಂದ ಅಳುತ್ತಿತ್ತು.

ಮೇಲೆ ಎಳೆದರು. ಆಮೇಲೆ ದೀಪ ಇಳಿಸಿದರೆ ನಡುವಿಗೇ ಆರಿಹೋಯಿತು. ಯಮನೂರಸಾಬ ತಲೆಗೆ ಕೈಹಚ್ಚಿ ಕೂತ. ಅವನ ಅಳಿಯ ಜಿಲಾನಸಾಬ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಿದ್ದ, ನಾನು ಇಳಿಯುವುದನ್ನು ಜನ ಯಾವಾಗಲೂ ಹಿಡಿಯುತ್ತಾರೆ. ಡಾಕ್ಟರಿಗೆ ಫೋನು ಮಾಡಿಸಿ ಕೇಳಿದೆ. ಕೆಟ್ಟ ಗಾಳಿ ಒಳಗೆ ಹೋದಾಗ ಹುಟ್ಟುವ ಅಂಜಿಕೆ ಬೇರೆ ದಾರಿಯಿಂದ ಬರುತ್ತದೆ, ಅದಕ್ಕೆ ಸುಣ್ಣ ಅಡ್ಡಿಯಾಗುವುದಿಲ್ಲ ಅಂದರಂತೆ. ಮೂವತ್ತಾರು ವರ್ಷಕ್ಕೆ ಗೊತ್ತಾಯಿತು, ಅಂಜಿಕೆ ಅಂದರೆ ಇದು. ನೀವೆಲ್ಲ ಇದನ್ನು ಇಟ್ಟುಕೊಂಡು ಹೇಗೆ ಊಟ ಮಾಡುತ್ತೀರಿ, ಹೇಗೆ ನಿದ್ದೆ ಮಾಡುತ್ತೀರಿ?

ಈಗ ನಿನ್ನ ಮಾತಿಗೆ ಬರುತ್ತೇನೆ. ನಿನ್ನ ಮನೆಯ ನೀರಿನ ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ ಅದರ ಮೇಲೆ ಒಳಕಲ್ಲನ್ನೂ ಇಟ್ಟಿದ್ದೀಯ. ಆಳದ ನೀರಿಗೆ ಯಾಕೆ ಇಷ್ಟು ಅಂಜುತ್ತೀಯ ಎಂದು ಹನುಮೇಶ ಗೇಲಿ ಮಾಡಿದರೆ ನಿನಗೇ ಗೊತ್ತಿಲ್ಲ ಅನ್ನುತ್ತೀಯ. ನನಗೆ ಗೊತ್ತು. ನಿನಗೆ ಎರಡು ವರ್ಷ, ನನಗೆ ಒಂಬತ್ತು. ಅವ್ವ ಕೂಲಿಗೆ ಹೋಗುವಾಗ ತಂಗಿಯನ್ನು ನೋಡಿಕೋ ಅಂದಳು. ಓಣಿಯ ಮೆಟ್ಟಿಲ ಬಾವಿಗೆ ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಇಳಿದು, ನೀರಿನ ಮೇಲೆ ಕಾಣುವ ಕಡೆಯ ಮೆಟ್ಟಿಲಲ್ಲಿ ಕಾಲು ನೀರಿಗೆ ಬಿಟ್ಟು ಕೂರಿಸಿದೆ. ಸೆಕೆ ಇತ್ತು, ತಣ್ಣಗಿರಲಿ ಅಂದುಕೊಂಡೆ. ತಂಬಿಗೆ ತರಲು ಮೇಲೆ ಹೋದವಳು ಹುಡುಗಿಯರ ಕುಂಟಾಟ ನೋಡುತ್ತ ಮರೆತೆ. ಅವ್ವ ಬಂದು ನಿನ್ನನ್ನು ಎತ್ತುವ ಹೊತ್ತಿಗೆ ನೀರು ನಿನ್ನ ಎದೆಗೆ ಬಂದಿತ್ತು, ನೀನು ಗೋಡೆಯಿಂದ ಇಳಿದ ಒಂದು ಬೇರು ಹಿಡಿದುಕೊಂಡಿದ್ದೆ. ನಿನ್ನ ಮೈಯ ತರಚು ಗಾಯಕ್ಕೆ, ಅಂಗಳದಲ್ಲಿ ಜಾರಿ ಬಿದ್ದಳು ಎಂದು ಅವ್ವ ಊರಿಗೆಲ್ಲ ಹೇಳಿದಳು. ನನಗೆ ಹೊಡೆಯಲಿಲ್ಲ. ಅವತ್ತಿನಿಂದ ನಮ್ಮಿಬ್ಬರನ್ನೇ ಎಂದೂ ಬಿಟ್ಟುಹೋಗಲೂ ಇಲ್ಲ.

ಆದ್ದರಿಂದ ಕೂಸನ್ನು ಕಳಿಸಬೇಡ. ನನಗೆ ಅದರ ಮೇಲೆ ಪ್ರಾಣ, ಆದರೆ ಪ್ರೀತಿ ಇದ್ದರೆ ಸಾಲದು. ಅವಳ ಅಂಜಿಕೆಯನ್ನು ನೀನು ಇಟ್ಟುಕೋ, ನಿಲ್ಲು ಅಂದರೆ ನಿಲ್ಲುವುದನ್ನು ಕಲಿಸು. ಮುಖ ನೋಡಿ ಓದುವುದನ್ನು ಕಲಿಸು, ಅಕ್ಷರಕ್ಕಿಂತ ಮೊದಲು. ಹನುಮೇಶ ಬಂದು ತೊಟ್ಟಿಲು ಒಯ್ಯಲಿ. ನೀನು ಮನೆಯಲ್ಲಿರುವ ಭಾನುವಾರ ನಾನೇ ಬಸ್ಸು ಹತ್ತಿ ಬಂದು, ನಿನ್ನ ಕಣ್ಣೆದುರಿಗೆ ಕೂತು ತೂಗುತ್ತೇನೆ.

ನಿನ್ನ ಅಕ್ಕ,
ಫಕೀರಮ್ಮ

ತಾ.ಕ.: ಮೇಲೆ ತಂಬಿಗೆ, ಕುಂಟಾಟ ಅಂತ ಬರೆದೆ. ಅದು ಸುಳ್ಳು, ಅವ್ವನಿಗೆ ಹೇಳಿದ ಸುಳ್ಳನ್ನೇ ನಿನಗೂ ಬರೆದೆ. ಜಿಲಾನಸಾಬ ಕಳಿಸಿದ ವಿಡಿಯೋ ಈಗ ನೋಡಿದೆ. ನನ್ನನ್ನು ಬಾವಿಯ ಅಂಚಿಗೆ ಎಳೆದಾಗ ನನ್ನ ಮುಖ ಕಾಣುತ್ತದೆ. ಕಣ್ಣು ಅಗಲ, ಬಾಯಿ ಅಗಲ. ಆ ಮುಖವನ್ನು ನಾನು ಮೊದಲೇ ನೋಡಿದ್ದೆ ಅನಸೂ. ಕಡೆಯ ಮೆಟ್ಟಿಲಲ್ಲಿ, ನಿನ್ನದು. ನೀನು ನೀರೊಳಗಿನ ಮೆಟ್ಟಿಲುಗಳ ಮೇಲೆ ಒಂದೊಂದಾಗಿ ಕೆಳಗೆ ಜಾರುತ್ತಿದ್ದೆ, ನಾನು ಎಲ್ಲೂ ಹೋಗಿರಲಿಲ್ಲ. ಅವ್ವ ಬರುವವರೆಗೂ ಮೇಲೆ ನಿಂತು ನಿನ್ನನ್ನೇ ನೋಡುತ್ತಿದ್ದೆ. ನೀನು ಹಾಡುತ್ತಿದ್ದೀಯ ಅಂದುಕೊಂಡಿದ್ದೆ.