ಮೂವತ್ತೇಳನೇ ನಂಬರು

ಮಾರ್ಚ್ ೪, ಮಂಗಳವಾರ
ಇವತ್ತೂ ಅದೇ ಪಾಡು. ಔಷಧಿ ಕೌಂಟರಿಗೆ ಹೊಸ ಕಂಪ್ಯೂಟರ್ ಬಂತು. ಅದಕ್ಕೆ ಐಪಿ ನಂಬರು, ಅಂದರೆ ನೆಟ್‌ವರ್ಕಿನ ವಿಳಾಸ, ಕೊಡಲು ಚಿಕ್ಕಪ್ಪನೇ ಬರಬೇಕು. ಆಸ್ಪತ್ರೆಯ ನಲವತ್ತು ಯಂತ್ರಗಳಿಗೂ ಹದಿನೆಂಟು ವರ್ಷದಿಂದ ಕೈಯಾರೆ ನಂಬರು ಕೊಟ್ಟವರು. ಒಂದೇ ನಂಬರು ಎರಡಕ್ಕೆ ಬಿದ್ದರೆ ಎರಡರ ಸಂಪರ್ಕವೂ ಕೆಡುತ್ತದೆ. ಯಾವುದಕ್ಕೆ ಯಾವ ನಂಬರು ಎಂಬುದೆಲ್ಲ ಅವರ ತಲೆಯಲ್ಲೇ.

ನಾನು ಸೇರಿ ನಾಲ್ಕೇ ತಿಂಗಳು, ಅದೂ ಅವರ ಶಿಫಾರಸಿನಿಂದ. ಆದರೂ ಸೂಪರಿಂಟೆಂಡೆಂಟ್ ಹತ್ತಿರ ಹೇಳಿಬಿಟ್ಟೆ — ಸರ್ವರ್‌ನಲ್ಲಿ ಡಿಎಚ್‌ಸಿಪಿ ಹಾಕಿದರೆ ಅದು ತಾನಾಗಿಯೇ ನಂಬರು ಹಂಚುತ್ತದೆ, ಯಾರಿಗಾಗಿಯೂ ಕಾಯಬೇಕಿಲ್ಲ. ಒಪ್ಪಿದರು. ಅಲ್ಲೇ ಇದ್ದ ಚಿಕ್ಕಪ್ಪ ಹೊರಗೆ ಬಂದ ಮೇಲೆ ನಕ್ಕರು. "ಹಾಕು. ಹಾಕೋ ಮುಂಚೆ ಒಂದ್ಸಲ ನನ್ ಹತ್ರ ಕೂತ್ಕೋ" ಅಂದರು.

ಮಾರ್ಚ್ ೮, ಶನಿವಾರ, ಮಧ್ಯಾಹ್ನ ೩
ಚಿಕ್ಕಪ್ಪ ರಜೆ. ಕಾಯಲಿಲ್ಲ. ಒಂದೊಂದೇ ನಂಬರಿಗೆ ಪಿಂಗ್ ಮಾಡಿ, ಅಂದರೆ ಕರೆ ಕಳಿಸಿ, ಉತ್ತರ ಬರುತ್ತದಾ ನೋಡಿದೆ. ಉತ್ತರ ಬರದವೆಲ್ಲ ಖಾಲಿ ಎಂದು ಸರ್ವರ್‌ಗೆ ಹಂಚಲು ಒಪ್ಪಿಸಿ, ರಿಸೆಪ್ಷನ್, ಕೌಂಟರುಗಳ ಕಂಪ್ಯೂಟರುಗಳು ಅಲ್ಲಿಂದಲೇ ನಂಬರು ಪಡೆಯುವಂತೆ ಮಾಡಿದೆ. ಒಂದೂವರೆ ಗಂಟೆ, ಹೂವೆತ್ತಿದ ಹಾಗೆ ಆಯಿತು. ಇದಕ್ಕೆ ಹದಿನೆಂಟು ವರ್ಷ! ಜಂಬ ಬಂತು, ಸುಳ್ಳೇಕೆ.

ಮಾರ್ಚ್ ೧೦, ಸೋಮವಾರ
ಎಕ್ಸ್‌ರೇ ಯಂತ್ರ ಶನಿವಾರ ಆಫ್ ಇತ್ತು. ಆಫ್ ಇದ್ದದ್ದು ಉತ್ತರ ಹೇಗೆ ಕೊಟ್ಟೀತು? ಅದರ ನಂಬರು ೩೭. ಬೆಳಿಗ್ಗೆ ಮೊದಲು ಶುರುವಾದ ರಿಸೆಪ್ಷನ್ ಕಂಪ್ಯೂಟರಿಗೆ ಸರ್ವರ್ ಅದೇ ೩೭ ಕೊಟ್ಟಿದೆ. ಎಕ್ಸ್‌ರೇ ಚಿತ್ರಗಳು ಡಾಕ್ಟರಿಗೆ ಹೋಗಲೇ ಇಲ್ಲ. ಸೊಂಟದ ಮೂಳೆ ಮುರಿದಿದ್ದ ಅಜ್ಜಿಯೊಬ್ಬರು ಮೂರು ಗಂಟೆ ಸ್ಟ್ರೆಚರ್ ಮೇಲೆ ನರಳಿದರು. ಕೊನೆಗೆ ಮನೆಯವರು ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವರ ಮಗ ದೂರು ಬರೆದುಕೊಟ್ಟ.

ಸೂಪರಿಂಟೆಂಡೆಂಟ್ ಇಬ್ಬರನ್ನೂ ಕರೆದರು. ೩೭ ಕೊಟ್ಟವರು ಯಾರು, ಎಲ್ಲಿ ಬರೆದಿಟ್ಟಿದ್ದೀರಿ ಎಂದು ಕೇಳಿದರು.

"ನಾನೇ ಸರ್. ಬರೆದಿಟ್ಟಿಲ್ಲ. ನನ್ನದೇ ತಪ್ಪು" — ಚಿಕ್ಕಪ್ಪ.

ಮೊದಲು ಕೇಳು ಅಂದಿದ್ದರು, ನಾನು ಕೇಳಲಿಲ್ಲ... ಅಷ್ಟು ಹೇಳಿದ್ದರೆ ಸಾಕಿತ್ತು. ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ.

ಮಾರ್ಚ್ ೧೧
೩೭ ಎಕ್ಸ್‌ರೇಗೇ ಮೀಸಲು ಮಾಡಿದೆ. ಹತ್ತು ನಿಮಿಷದ ಕೆಲಸ. ಚಿಕ್ಕಪ್ಪ ಪಕ್ಕದಲ್ಲಿ ಕೂತು ಉಳಿದ ಮೀಸಲು ನಂಬರುಗಳನ್ನೂ ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ ೨೭
ಆ ದೂರಿನ ಮೇಲೆ ಚಿಕ್ಕಪ್ಪನನ್ನು ಕೆಲಸದಿಂದ ಬಿಡಿಸಿದರು. ನಿವೃತ್ತಿಗೆ ಇನ್ನೂ ಎರಡು ವರ್ಷ ಇತ್ತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದ್ದು ನಾನು, ಉಂಡದ್ದು ಅವರು.

ಸಂಜೆ ಅವರ ಮನೆಗೆ ಹೋದೆ. ಚಿಕ್ಕಮ್ಮ ಕಾಫಿ ಇಟ್ಟು ಒಳಗೆ ಹೋದರು. ಎಲ್ಲ ಹೇಳಿ ಅತ್ತುಬಿಟ್ಟೆ. ಚಿಕ್ಕಪ್ಪ ಕಾಫಿ ಲೋಟ ನನ್ನ ಕಡೆ ಸರಿಸಿದರು.

"ನೀನು ಹೊಸಬಳು, ನಿನ್ನ ಕೆಲಸ ಹೋಗಬಾರದು ಅಂತ ನಾನು ಒಪ್ಕೊಂಡೆ. ಆದ್ರೂ ನೀನು ಒಂದ್ಮಾತು ಹೇಳ್ತೀಯ ಅಂದ್ಕೊಂಡಿದ್ದೆ ಕಣಮ್ಮ. ಅವತ್ತು ಸಾಹೇಬ್ರ ರೂಮಿನ ಬಾಗಿಲ ತನಕ ಹೋಗಿ ನಿನ್ನ ಕಡೆ ತಿರುಗಿ ನೋಡ್ದೆ."

ಮಾರ್ಚ್ ೨೮, ಬೆಳಿಗ್ಗೆ ೧೧
ನಿಜ ಹೇಳಿಬಿಡಬೇಕೆಂದೇ ಹೋದೆ. ಬಾಯಿ ತೆರೆಯುವ ಮೊದಲೇ ಸೂಪರಿಂಟೆಂಡೆಂಟ್ ಎದ್ದು ಕೈಕುಲುಕಿದರು. ಚಿಕ್ಕಪ್ಪನ ಜಾಗಕ್ಕೆ ನನ್ನನ್ನೇ ಕಾಯಂ ಮಾಡಿದ್ದಾರೆ. ಪತ್ರ ಕೊಟ್ಟರು. ಎರಡೂ ಕೈಯಲ್ಲಿ ತೆಗೆದುಕೊಂಡೆ. ಥ್ಯಾಂಕ್ಯೂ ಸರ್ ಅಂದೆ. ಬೇರೆ ಏನಾದರೂ ಹೇಳುವುದಿತ್ತಾ ಎಂದು ಕೇಳಿದರು. ನಾನು ಇಲ್ಲ ಸರ್ ಅಂದು, ತಿರುಗಿ ನೋಡದೆ ಬಾಗಿಲು ದಾಟಿದೆ.