ಎಡಗಡೆ ಸೀಟಿನ ಬ್ರೇಕು

ಉಣಕಲ್, ಹುಬ್ಬಳ್ಳಿ
ಶನಿವಾರ, 15 ನವೆಂಬರ್ 2025

ಪ್ರೀತಿಯ ಅಮರೇಶಣ್ಣನಿಗೆ ತಂಗಿ ಬಾಗಿಯ ಶರಣು.

ಆರೋಗ್ಯ ಹೇಗಿದೆ? ಸಿಂಧನೂರಿನ ಬಿಸಿಲು ಈಗಲಾದರೂ ಇಳಿದಿದೆಯೇ? ಹೋದ ಸಲ ಬಂದಾಗ ನೀನು ಕೆಮ್ಮುತ್ತಿದ್ದೆ. ಕಷಾಯ ಮಾಡಿಕೊಂಡು ಕುಡಿ ಅಂದರೆ ತಲೆಯಾಡಿಸಿ ಬಸ್ಸು ಹತ್ತಿದೆ. ಕುಡಿದಿರುವುದಿಲ್ಲ, ನಿನ್ನ ತಲೆಯಾಟ ನನಗೆ ಗೊತ್ತಿಲ್ಲವೇ? ಶಾಲೆಯ ಮಕ್ಕಳಿಗೆ ಬುದ್ಧಿ ಹೇಳುವ ಮಾಸ್ತರನಿಗೆ ಬುದ್ಧಿ ಹೇಳುವವರು ಯಾರು! ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅವ್ವನ ಮೊಣಕಾಲು ಮಾತ್ರ ಅವಳ ಮಾತು ಕೇಳುತ್ತಿಲ್ಲ. ಅವಳು ಯಾರ ಮಾತು ಕೇಳಿದ್ದಾಳೆ, ಅವಳ ಕಾಲು ಕೇಳಲಿಕ್ಕೆ? ಫೋನ್ ಬಿಟ್ಟು ಕಾಗದ ಯಾಕೆ ಬರೆದೆ ಎಂದು ಕೇಳಬೇಡ. ನಾನು ಮಾಡಿದ ಫೋನನ್ನು ನೀನು ಎತ್ತಿ ಆರು ವರ್ಷವಾಯಿತು. ಯಾಕೆ ಎತ್ತುವುದಿಲ್ಲ ಎಂಬುದು ಗೊತ್ತಿರುವುದರಿಂದ ನನಗೆ ಸಿಟ್ಟೂ ಇಲ್ಲ.

ಸುದ್ದಿ ಏನೆಂದರೆ, ಕಾರು ಕೊಳ್ಳಬೇಕೆಂದಿದ್ದೇನೆ. ಅಪ್ಪ ಹೋದ ಮೇಲೆ ಈ ಮನೆಯ ಮುಂದೆ ಕಾರು ನಿಂತಿಲ್ಲ. ಆಟೋದಲ್ಲಿ ಧಾರವಾಡದ ಆಸ್ಪತ್ರೆಗೆ ಹೋಗಿ ಬರುವಷ್ಟರಲ್ಲಿ ಅವ್ವ ಹಣ್ಣಾಗುತ್ತಾಳೆ. ಈಗ ಪೆಟ್ರೋಲು ಬ್ಯಾಟರಿ ಎರಡರಲ್ಲೂ ಓಡುವ, ಸೀಟು ಎತ್ತರ ಇರುವ ದೊಡ್ಡ ಗಾಡಿಯೊಂದು ಬಂದಿದೆ, ಹೈಬ್ರಿಡ್ ಅನ್ನುತ್ತಾರೆ. ವಿಷಯ ಹೇಳಿದಾಗ ಅವ್ವ ಕಾಳು ಆರಿಸುತ್ತಿದ್ದಳು. ತಲೆ ಎತ್ತದೆಯೇ, "ಗಾಡಿ ಅಂದ್ರ ಅವಂಗ ತಿಳೀತೈತಿ. ನಿನಗೇನ್ ತಿಳೀತೈತಿ?" ಅಂದಳು. ಅವನು ಎಂದರೆ ನೀನು, ಅಣ್ಣಾ! ನೀನು ಬಂದರೆ ಅಡುಗೆಮನೆ ಸೇರಿ ನಿನ್ನ ಬಸ್ಸಿನ ಹೊತ್ತಾಗುವವರೆಗೆ ಹೊರಗೆ ಬಾರದ ಅವ್ವ ಅವಳು. ಆರು ವರ್ಷದಲ್ಲಿ ನಿನ್ನ ಸುದ್ದಿ ಅವಳ ಬಾಯಲ್ಲಿ ಬಂದದ್ದು ಇದೇ ಮೊದಲು. ಇಷ್ಟು ಸಂದು ಸಿಕ್ಕರೆ ಸಾಕು ಎಂದುಕೊಂಡೆ. ನೀನು ಮನೆಗೆ ಬರಬೇಕು, ನಾಲ್ಕು ದಿನ ಇರಬೇಕು, ಅವ್ವ ನಿನಗೆ ಉಣ್ಣಲು ಬಡಿಸಬೇಕು. ನನಗೆ ಬೇಕಾಗಿರುವುದು ಅದು. ಕಾರು ಬಂದರೂ ಸರಿ, ಬಿಟ್ಟರೂ ಸರಿ.

ಪರೀಕ್ಷೆಯನ್ನು ನಿನ್ನ ಪದ್ಧತಿಯಂತೆಯೇ ಮಾಡಿದೆ. ಬಳಗದಲ್ಲಿ ಯಾರು ಕಾರು ಕೊಳ್ಳಲು ಹೊರಟರೂ ನೀನೂ ಅಪ್ಪನೂ ಹೋಗುತ್ತಿದ್ದಿರಿ. ಗಾಡಿ ಎಷ್ಟು ಕುಲುಕುತ್ತದೆ ಎಂದು ನೋಡಲು ನೀನು ಮಜ್ಜಿಗೆ ತುಂಬಿದ ತಂಬಿಗೆಯನ್ನು ಅಪ್ಪನ ಕೈಗೆ ಕೊಟ್ಟು, ಊರಿನ ತಗ್ಗುಗಳನ್ನೆಲ್ಲ ಹುಡುಕಿ ಹುಡುಕಿ ಓಡಿಸುತ್ತಿದ್ದೆ. ಮನೆಗೆ ಬಂದ ಕೂಡಲೇ ಅವ್ವ ತಂಬಿಗೆ ಎತ್ತಿ ನೋಡಿ, "ಎಲ್ಲಿ ಚೆಲ್ಲಿತ?" ಎಂದು ಕೇಳುವಳು. ಆ ಪ್ರಶ್ನೆಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ನಮ್ಮ ಮನೆಯಲ್ಲಿ ಇಲ್ಲ. ಇನ್ನು ಅಪ್ಪನ ಬ್ರೇಕು! ಎಡಗಡೆ ಸೀಟಿನಲ್ಲಿ ಬ್ರೇಕೇ ಇರುವುದಿಲ್ಲ, ಆದರೆ ದೂರದಲ್ಲಿ ಎಮ್ಮೆ ಕಂಡರೆ ಸಾಕು, ಅವರ ಬಲಗಾಲು ಮ್ಯಾಟನ್ನು ಒತ್ತುತ್ತಿತ್ತು. ಒತ್ತಿ ಒತ್ತಿ ನಮ್ಮ ಕಾರಿನ ಮ್ಯಾಟಿಗೆ ತೂತು ಬಿದ್ದಿತ್ತು. "ಅಪ್ಪಾ, ನಿಮ್ಮ ಬ್ರೇಕ್ ಹತ್ತಂಗಿಲ್ರಿ" ಎಂದು ನೀನು ಕಾಡಿಸಿದರೆ, "ನನ್ನ ಬ್ರೇಕಿನ ಮ್ಯಾಲೇ ಈ ಗಾಡಿ ನಡದೈತಿ, ಮಗನ" ಅನ್ನುತ್ತಿದ್ದರು. ಇವತ್ತು ಬೆಳಿಗ್ಗೆ ನಾನು ಹೊರಟಾಗ, ಯಾರೂ ಕೇಳದೆ, ಅವ್ವನೇ ತಂಬಿಗೆ ತುಂಬಿ ಬಾಗಿಲಲ್ಲಿ ಇಟ್ಟಿದ್ದಳು.

ಗೋಕುಲ ರಸ್ತೆಯ ಶೋರೂಮಿನಿಂದ ಇಕ್ಬಾಲ ಎಂಬ ಹುಡುಗ ಜೊತೆಗೆ ಬಂದ. ತಂಬಿಗೆ ಕೈಗೆ ಕೊಟ್ಟಾಗ ಅವನ ಮುಖ ನೋಡಬೇಕಿತ್ತು! ನಾನು ಗುಂಡಿ ಒತ್ತಿದೆ, ಸದ್ದಿಲ್ಲ. ಚಾಲೂ ಆಗಲಿಲ್ಲವೆಂದು ಮತ್ತೆ ಒತ್ತಿದೆ. "ಚಾಲೂನೇ ಇತ್ರಿ ಮೇಡಂ, ನೀವ ಬಂದ್ ಮಾಡಿದ್ರಿ" ಅಂದ. ಬ್ಯಾಟರಿಯ ಮೇಲೆ ಹೊರಟರೆ ಗಾಡಿ ಉಸಿರೂ ಬಿಡುವುದಿಲ್ಲ. ಜೋರಾಗಿ ತುಳಿದಾಗ ಮಾತ್ರ ಇಂಜಿನ್ನು ಎದ್ದು ಬರುತ್ತದೆ, ಅದೂ ಗೊತ್ತಾಗದ ಹಾಗೆ. ಸೀಟಿನೊಳಗಿಂದ ತಣ್ಣಗೆ ಗಾಳಿ ಬರುತ್ತದೆ. ಅವ್ವ ಕಾಲು ಮಡಿಸದೆ ಹತ್ತಬಹುದು. ಶೋರೂಮಿನ ಹಿಂದಿನ ಕಚ್ಚಾ ರಸ್ತೆಯ ತಗ್ಗಿನಲ್ಲಿ ಇಳಿಸಿದೆ, ಒಂದು ಹನಿಯೂ ಚೆಲ್ಲಲಿಲ್ಲ. ಡಿಕ್ಕಿ ಚಿಕ್ಕದು, ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಅದು ಬೇರೆ ಮಾತು. ಆದರೆ ಒಂದು ಸಂಗತಿ ನನ್ನನ್ನು ಅಲ್ಲಿಂದಲೇ ಹಿಡಿದುಕೊಂಡಿತು. ಕಾಲು ಎತ್ತಿದರೆ ಸಾಕು, ನಾನು ಬ್ರೇಕು ಮುಟ್ಟದೆಯೇ ಗಾಡಿ ನಿಧಾನವಾಗುತ್ತದೆ. ಹಾಗೆ ಬ್ಯಾಟರಿ ತುಂಬುತ್ತದಂತೆ, ಇಕ್ಬಾಲ ವಿವರಿಸಿದ. ಮೂರ್ನಾಲ್ಕು ಸಲ ಹಾಗಾದಾಗ, ನನಗೇ ತಿಳಿಯದೆ ಎಡಕ್ಕೆ ಬಗ್ಗಿ ಅವನ ಕಾಲು ನೋಡಿದೆ.

ಓಟ ನೋಡಲು ಬೈಪಾಸಿಗೆ ಹೋಗೋಣ ಎಂದ. ಬೇಡ ಎನ್ನಲು ಅವನಿಗೆ ಯಾವ ಕಾರಣ ಹೇಳಲಿ? ರಸ್ತೆ ಅಗಲ ಮಾಡುತ್ತಿದ್ದಾರೆ, ಅಣ್ಣಾ. ಆ ಬೇವಿನ ಮರವೂ ಇಲ್ಲ, ಮೈಲುಗಲ್ಲೂ ಇಲ್ಲ. ಅಪ್ಪ ಪ್ರಾಣ ಬಿಟ್ಟ ಜಾಗ ಯಾವುದು ಎಂದು ತೋರಿಸಲು ಈಗ ಗುರುತೇ ಉಳಿದಿಲ್ಲ. ಇದೋ, ಅದೋ ಎಂದು ಹುಡುಕುತ್ತಿರುವಾಗ ಕಾರಿನ ಎಲ್ಲ ಮೂಲೆಯಿಂದ ಫೋನು ಬಡಿದುಕೊಂಡಿತು. ನನ್ನ ಫೋನನ್ನು ಇಕ್ಬಾಲ ಗಾಡಿಗೆ ಜೋಡಿಸಿದ್ದ. ಎದುರಿನ ದೊಡ್ಡ ಪರದೆಯ ತುಂಬ "ಅವ್ವ" ಎಂಬ ಹೆಸರು. ನೋಡಿದೆ. ನೋಡಿದ್ದು ಒಂದು ಕ್ಷಣ ಇರಬಹುದು. ಅಷ್ಟರಲ್ಲಿ ಗಾಡಿ ಚೀರಿ, ತಾನಾಗಿಯೇ ಗಕ್ಕನೆ ನಿಂತಿತು. ಮುಂದೆ ನಾಲ್ಕು ಮಾರು ದೂರದಲ್ಲಿ ಮಣ್ಣಿನ ಟಿಪ್ಪರು ನಿಂತಿತ್ತು. ಇಕ್ಬಾಲ, ಪಾಪ, ಕೋಪವಿಲ್ಲದೆಯೇ ಹೇಳಿದ: "ಕ್ಯಾಮೆರಾ ನೋಡಿ ತಾನ ಬ್ರೇಕ್ ಹಾಕ್ತೈತ್ರಿ." ಅವನ ಪ್ಯಾಂಟೆಲ್ಲ ಮಜ್ಜಿಗೆ. ಅವನ ಎರಡೂ ಕಾಲು ಸೀಟಿನ ಕೆಳಗೆ ಮಡಿಸಿಕೊಂಡಿದ್ದವು. ಹೊಸ ಮ್ಯಾಟಿನ ಮೇಲೆ, ಅಪ್ಪ ಒತ್ತುತ್ತಿದ್ದ ಜಾಗದಲ್ಲಿಯೇ ಮಜ್ಜಿಗೆ ಮಡುವಾಗಿ ನಿಂತಿತ್ತು. ಪರೀಕ್ಷೆ ಮುಗಿಸಿ ಬಂದ ದಿನ ಅಪ್ಪನ ಧೋತರಕ್ಕೆ ಇರುತ್ತಿದ್ದ ಹುಳಿ ವಾಸನೆ ಕಾರಿನ ತುಂಬ. ನನಗೆ ಭಯವಾಯಿತು, ಅಣ್ಣಾ. ಭಯಕ್ಕಿಂತ ಹೆಚ್ಚಾಗಿ ಅಳು ಬಂತು.

ಅವ್ವ ಫೋನ್ ಮಾಡಿದ್ದು ಯಾಕೆ ಗೊತ್ತೇ? ಮಠಕ್ಕೆ ಹೋಗುತ್ತೇನೆ, ಕೀಲಿ ಪಕ್ಕದ ರಾಜೇಶ್ವರಿ ಕಾಕೂನ ಮನೆಯಲ್ಲಿದೆ ಎಂದು ಹೇಳಲಿಕ್ಕೆ. ಇಂಥ ಮಾತಿಗೇ ಅಲ್ಲವೇ ಆರು ವರ್ಷದ ಹಿಂದೆ ಆ ದಿನ ನಾನೂ ನಿನಗೆ ಫೋನ್ ಮಾಡಿದ್ದು? ಸಂಜೆ ನಾಲ್ಕಕ್ಕೆ ನೀನೂ ಅಪ್ಪನೂ ಧಾರವಾಡದಿಂದ ಹೊರಟಿದ್ದಿರಿ. ಗಾಡಿ ಓಡಿಸುತ್ತಲೇ ಫೋನ್ ಎತ್ತಿ ನೀನು "ಹೇಳ ಬಾಗಿ" ಅಂದೆ. "ರೊಟ್ಟಿ ಮಾಡಲ್ಯೋ, ಚಪಾತಿ ಮಾಡಲ್ಯೋ?" ಎಂದು ನಾನು ಕೇಳಿದೆ. ಆಮೇಲೆ ಕೇಳಿಸಿದ್ದು ಅಪ್ಪನ ದನಿ, "ಬ್ರೇಕ್!" ನಿಂತಿದ್ದ ಹತ್ತಿ ತುಂಬಿದ ಟ್ರ್ಯಾಕ್ಟರನ್ನು ಅವರು ಕಂಡಿದ್ದರು, ನೀನು ಕಂಡಿರಲಿಲ್ಲ. ಆಸ್ಪತ್ರೆಯಲ್ಲಿ ತಲೆಗೆ ಪಟ್ಟಿ ಕಟ್ಟಿಸಿಕೊಂಡು ಕುಳಿತ ನೀನು ನನ್ನ ಮಣಿಕಟ್ಟು ಹಿಡಿದು, "ನೀ ಫೋನ್ ಮಾಡೇ ಇಲ್ಲ, ತಿಳೀತ? ನನಗ ಕಣ್ಣು ಹತ್ತಿತ್ತು" ಅಂದೆ. ಪೊಲೀಸರಿಗೂ ನೀನು ಅದನ್ನೇ ಹೇಳಿದೆ, ಅವ್ವನಿಗೂ ಅದನ್ನೇ. ತೂಕಡಿಸಿ ತಂದೆಯನ್ನು ಕಳೆದ ಮಗ ಎಂದು ಅವಳು ನಿನ್ನನ್ನು ದೂರ ಮಾಡಿದಳು. ನಾನು ಅವಳ ಮಗ್ಗುಲಲ್ಲಿ ಮಲಗಿ ಆರು ವರ್ಷ ಸುಮ್ಮನಿದ್ದೆ. ಅಂದಿನಿಂದ ಈ ಮನೆಯಲ್ಲಿ ಏನು ಅಡುಗೆ ಮಾಡಲಿ ಎಂದು ನಾನು ಯಾರನ್ನೂ ಕೇಳಿಲ್ಲ.

ಗಾಡಿ ಬೆಲೆಗೆ ತಕ್ಕದ್ದೋ ಅಲ್ಲವೋ, ನೀನೇ ಬಂದು ಹೇಳು. ಒಂದು ಮನಸ್ಸು ಅದರ ಸಹವಾಸವೇ ಬೇಡ ಅನ್ನುತ್ತದೆ. ಇನ್ನೊಂದು ಮನಸ್ಸು, ಅಪ್ಪನ ಆ ಕಾಲು ನಮ್ಮ ಮನೆಯಲ್ಲೇ ಇರಲಿ ಅನ್ನುತ್ತದೆ. ಅವ್ವ ಮಠದಿಂದ ಇನ್ನೂ ಬಂದಿಲ್ಲ. ಖಾಲಿ ತಂಬಿಗೆಯನ್ನು ತೊಳೆಯಲೂ ಆಗದೆ ಕಟ್ಟೆಯ ಮೇಲೆ ಇಟ್ಟಿದ್ದೇನೆ. ಮೈ ಹುಷಾರು, ಕಷಾಯ ಕುಡಿ. ಅಪ್ಪನ ಆಶೀರ್ವಾದ ನಿನ್ನ ಮೇಲೆ ಇದ್ದೇ ಇದೆ, ಅದರಲ್ಲಿ ನನಗೆ ಇವತ್ತಿನಿಂದ ಸಂಶಯವಿಲ್ಲ.

ನಿನ್ನ ತಂಗಿ,
ಭಾಗ್ಯಶ್ರೀ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅವ್ವ ಬಂದಳು. ತಂಬಿಗೆ ಎತ್ತಿ ನೋಡಿ, "ಎಲ್ಲಿ ಚೆಲ್ಲಿತ?" ಅಂದಳು. ತಗ್ಗಿತ್ತು ಎನ್ನಲು ಬಾಯಿ ತೆರೆದೆ, ಆಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಆ ದಿನದ ಫೋನು ನನ್ನದೆಂದು, ಏನು ಕೇಳಲು ಮಾಡಿದ್ದೆಂದು, ನಿನಗೆ ಕಣ್ಣು ಹತ್ತಿರಲೇ ಇಲ್ಲವೆಂದು. ನಿನಗೆ ಕೊಟ್ಟ ಮಾತು ಮುರಿದಿದ್ದೇನೆ, ಬೇಕಾದರೆ ಬಂದು ಬೈ. ಅವ್ವ ಬೈಯಲಿಲ್ಲ, ಅಳಲೂ ಇಲ್ಲ. ಗೋಡೆ ಹಿಡಿದುಕೊಂಡು ಕುಳಿತಳು. ಆಮೇಲೆ ಒಂದೇ ಮಾತು ಕೇಳಿದಳು: "ಮತ್ತ ಅಂವ ಏನಂದಾ? ರೊಟ್ಟಿ ಅಂದ್ನೋ, ಚಪಾತಿ ಅಂದ್ನೋ?" ಗೊತ್ತಿಲ್ಲ ಅಂದೆ. ಈಗ ಹಿಟ್ಟಿನ ಎರಡೂ ಡಬ್ಬಿಗಳನ್ನು ಮುಂದೆ ಇಟ್ಟುಕೊಂಡು ಅಡುಗೆಮನೆಯಲ್ಲಿ ಕುಳಿತಿದ್ದಾಳೆ. ಲಗೂನ ಬಾ ಅಣ್ಣಾ, ನೀನೇ ಬಂದು ಹೇಳು.